ದರ್ಜಿ ಕಲಿಸಿದ ದನಿ

ಮಧುಗಿರಿಯಿಂದ ಪಾವಗಡಕ್ಕೆ ಹೋಗುವ ಖಾಸಗಿ ಬಸ್ಸೊಂದರಲ್ಲಿ ನಾನು ಹನ್ನೊಂದು ವರ್ಷ ಕಂಡಕ್ಟರ್ ಆಗಿದ್ದೆ. ಬಸ್ಸು ಇನ್ನೂ ತಿರುವಿನಲ್ಲಿರುವಾಗಲೇ ನನ್ನ ಕೂಗು ಊರು ಮುಟ್ಟುತ್ತಿತ್ತು. ಹೊಲದಲ್ಲಿದ್ದವರು ಕುಡುಗೋಲನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಓಡಿ ಬರುತ್ತಿದ್ದರು. ಎಪ್ಪತ್ತರ ದಶಕದ ನಡುವಿನ ಒಂದು ಬೇಸಿಗೆಯಲ್ಲಿ ಆ ಕೂಗು ಒಡೆಯಿತು. ಧೂಳಿಗೆ, ಬೀಡಿಗೆ, ಕೂಗಾಟಕ್ಕೆ ಹೀಗಾಗಿದೆ ಎಂದು ಎಲ್ಲರೂ ಅಂದರು. ನಾನೂ ಅದನ್ನೇ ನಂಬಿದೆ. ಮೆಣಸಿನ ಕಷಾಯ ಕುಡಿದೆ, ಉಪ್ಪುನೀರು ಮುಕ್ಕಳಿಸಿದೆ. ಆರು ತಿಂಗಳಾದರೂ ಗಂಟಲಿನ ಗೊಗ್ಗರು ಹೋಗದಿದ್ದಾಗ ತುಮಕೂರಿನ ಡಾಕ್ಟರೊಬ್ಬರು ಬಾಯೊಳಕ್ಕೆ ಪುಟ್ಟ ಕನ್ನಡಿ ಇಳಿಸಿ ನೋಡಿ, ಬೆಂಗಳೂರಿಗೆ ಚೀಟಿ ಬರೆದುಕೊಟ್ಟರು.

ಬೆಂಗಳೂರಿನ ಆಸ್ಪತ್ರೆಯ ಸರ್ಜನ್ ಒಳ್ಳೆಯ ಮನುಷ್ಯ. ಸುತ್ತಿ ಬಳಸದೆ ಹೇಳಿದರು. "ಕ್ಯಾನ್ಸರು. ಧ್ವನಿಪೆಟ್ಟಿಗೆ ಪೂರ್ತಿ ತೆಗೀಬೇಕು. ತೆಗೆದ್ರೆ ಬದುಕ್ತೀರಿ. ಮಾತು ಇರೋದಿಲ್ಲ."

"ಎಷ್ಟು ದಿನ?" ಎಂದು ನಾನು ಪಿಸುಗುಟ್ಟಿದೆ. ಮಾತಿಲ್ಲದೆ ಎಷ್ಟು ದಿನ ಇರಬೇಕು ಎಂಬುದು ನನ್ನ ಪ್ರಶ್ನೆ. ಬದುಕುವುದು ಎಷ್ಟು ದಿನ ಎಂದು ಅವರು ಅರ್ಥ ಮಾಡಿಕೊಂಡರು.

"ಅದನ್ನ ಯಾರೂ ಹೇಳಕ್ಕಾಗಲ್ಲ" ಅಂದರು.

ಆಪರೇಷನ್ ಆದ ಮೇಲೆ ಎಚ್ಚರವಾದಾಗ ಮೊದಲು ಕೇಳಿಸಿದ್ದು ಒಂದು ಬುಸುಗುಟ್ಟುವ ಸದ್ದು. ಪಕ್ಕದಲ್ಲಿ ಯಾವುದೋ ಪ್ರಾಣಿ ಮಲಗಿ ಉಸಿರಾಡುತ್ತಿದೆ ಅನ್ನಿಸಿತು. ತಲೆ ತಿರುಗಿಸಲು ಆಗಲಿಲ್ಲ. ಕಣ್ಣು ಮಾತ್ರ ಹೊರಳಿಸಿ ನೋಡಿದೆ. ಯಾರೂ ಇರಲಿಲ್ಲ. ಬಹಳ ಹೊತ್ತಿನ ಮೇಲೆ ತಿಳಿಯಿತು, ಅದು ನನ್ನದೇ ಉಸಿರು. ಅದು ಮೂಗಿನಿಂದ ಬರುತ್ತಿರಲಿಲ್ಲ, ಬಾಯಿಂದಲೂ ಬರುತ್ತಿರಲಿಲ್ಲ. ಕತ್ತಿನ ಬುಡದಲ್ಲಿ ಕೊರೆದಿದ್ದ ತೂತಿನಿಂದ ಬರುತ್ತಿತ್ತು. ನಾನು ಅತ್ತುಬಿಟ್ಟೆ. ಕೆನ್ನೆ ಒದ್ದೆಯಾಯಿತು, ಅಳು ಕೇಳಿಸಲಿಲ್ಲ.

ಗಾಯ ಒಣಗಿದ ಮೇಲೆ ಕರೆಂಟು ಕೊಟ್ಟರು. ರೇಡಿಯೇಷನ್ನಿಗೆ ವಾರ್ಡಿನಲ್ಲಿ ಎಲ್ಲರೂ ಹಾಗೇ ಅನ್ನುತ್ತಿದ್ದರು. ಮೂರು ತಿಂಗಳ ಮೇಲೆ ಮಧುಗಿರಿಗೆ ಮರಳಿದೆ. "ಕಾಯಿಲೆ ಪೂರ್ತಿ ತೆಗೆದಿದ್ದೀವಿ, ಆರಾರು ತಿಂಗಳಿಗೆ ಬಂದು ತೋರಿಸಿ" ಎಂದು ಆಸ್ಪತ್ರೆಯವರು ಹೇಳಿ ಕಳಿಸಿದ್ದರು. ಆ ಆರು ತಿಂಗಳು ಹೇಗೆ ಬದುಕಬೇಕು ಎಂದು ಯಾರೂ ಹೇಳಿರಲಿಲ್ಲ.

ಮಾತಿಗೆ ಬದಲಾಗಿ ಒಂದು ಸ್ಲೇಟು ಕೊಟ್ಟಿದ್ದರು. ನನ್ನ ಹೆಂಡತಿಗೆ ಓದು ಬಾರದು ಎಂಬುದು ಅವರಿಗೆ ಹೊಳೆದಿರಲಿಲ್ಲ, ನನಗೂ ಮನೆಗೆ ಬರುವ ತನಕ ಹೊಳೆದಿರಲಿಲ್ಲ. ಕೊನೆಗೆ ಟಿಕೆಟ್ಟಿಗೆ ತೂತು ಹಾಕುವ ನನ್ನ ಪಂಚು ಕೆಲಸಕ್ಕೆ ಬಂತು. ಒಂದು ಸಲ ಒತ್ತಿದರೆ ಹೂಂ, ಎರಡು ಸಲ ಒತ್ತಿದರೆ ಬೇಡ, ಬಿಡದೆ ಒತ್ತಿದರೆ ಬೇಗ ಬಾ. ಮನೆಯಲ್ಲಿ ದಿನವಿಡೀ ಆ ಕಟಕಟ ಸದ್ದು. ಹೆಂಡತಿ ನೀರು ಸೇದುವಾಗ, ರಾಗಿ ಬೀಸುವಾಗ ನಡುವೆ ನಿಂತು ಕಿವಿಗೊಡುತ್ತಿದ್ದಳು. ನಾನು ಒತ್ತದಿದ್ದಾಗಲೂ ಅವಳಿಗೆ ಅದು ಕೇಳುತ್ತಿತ್ತಂತೆ.

ವಾಸನೆ ಹೋಗಿತ್ತು. ಉಸಿರು ಮೂಗಿನ ದಾರಿಗೇ ಬರದ ಮೇಲೆ ವಾಸನೆ ಎಲ್ಲಿಂದ ಬರಬೇಕು? ಒಗ್ಗರಣೆ ಸೀದರೂ ತಿಳಿಯುತ್ತಿರಲಿಲ್ಲ. ಕಾಫಿ ಊದಿ ಆರಿಸಲು ಆಗುತ್ತಿರಲಿಲ್ಲ. ಸೀನು ಕತ್ತಿನಿಂದ ಬರುತ್ತಿತ್ತು. ಚಳಿಗಾಲದ ಬೆಳಗ್ಗೆ ಬೀದಿಯಲ್ಲಿ ನಿಂತರೆ ಎಲ್ಲರ ಬಾಯಿಂದ ಹಬೆ ಬರುತ್ತಿತ್ತು, ನನಗೆ ಅಂಗಿಯ ಕಾಲರಿನಿಂದ ಬರುತ್ತಿತ್ತು. ನೀರಿಗೆ ಹೋಗುತ್ತಿದ್ದ ಹೆಂಗಸೊಬ್ಬಳು ಅದನ್ನು ನೋಡಿ ಕೊಡ ಇಳಿಸಿ ನಿಂತುಬಿಟ್ಟಳು. ಮಾರನೆಯ ದಿನದಿಂದ ಅವಳು ಬೇರೆ ಬೀದಿ ಹಿಡಿದಳು.

ಹೊಳವನಹಳ್ಳಿ ಹತ್ತಿರದ ನಮ್ಮೂರಿನಲ್ಲಿ ಅಣ್ಣ ಕುರಿ ಸಾಕಿಕೊಂಡಿದ್ದ. ನಾನು ಹೋದಾಗ ಹಟ್ಟಿಯ ನಾಯಿ ಎಂದಿನಂತೆ ಬಾಲ ಆಡಿಸುತ್ತ ಬಂದು ಮೊಣಕಾಲಿಗೆ ಮುಖ ತಂದಿತು. ನಾನು ಬಗ್ಗಿದೆ. ಕತ್ತಿನ ಉಸಿರು ಅದರ ನೆತ್ತಿಗೆ ತಗುಲಿತು. ನಾಯಿ ಮೈಕೂದಲು ನಿಮಿರಿಸಿ ಹಿಂದಕ್ಕೆ ಸರಿಯಿತು. ನನ್ನ ಮುಖವನ್ನೊಮ್ಮೆ, ಕತ್ತನ್ನೊಮ್ಮೆ ನೋಡಿ, ಕತ್ತಿನ ಕಡೆಗೇ ಗುರುಗುಟ್ಟಿತು. ಅಣ್ಣ ಕೋಲೆತ್ತಿ ಗದರಿಸಿದ. ನಾನು ಆವತ್ತು ಮಧ್ಯಾಹ್ನದ ಬಸ್ಸಿಗೇ ಹೊರಟು ಬಂದೆ.

ಇನ್ನೊಂದನ್ನು ಹೇಳಿಬಿಡುತ್ತೇನೆ. ಒಂದು ಸಂಜೆ ಒಲೆ ಉರಿಯದೆ ಹೊಗೆ ತುಂಬಿತ್ತು, ಹೆಂಡತಿ ಹಿತ್ತಿಲಲ್ಲಿದ್ದಳು. ಹೊಗೆ ಕತ್ತಿಗೆ ನುಗ್ಗಿ ಕೆಮ್ಮು ಬರುತ್ತಿತ್ತು. ಊದುಗೊಳವೆ ಬಾಯಿಗಿಟ್ಟೆ, ಗಾಳಿ ಎಲ್ಲಿಂದ ಬರಬೇಕು? ಏನು ಅನ್ನಿಸಿತೋ, ಕೊಳವೆಯನ್ನು ಕತ್ತಿನ ತೂತಿಗೆ ಇಟ್ಟು ಉಸಿರು ಬಿಟ್ಟೆ. ಒಲೆ ಭಗ್ ಎಂದು ಹತ್ತಿಕೊಂಡಿತು. ತಲೆ ಎತ್ತಿದರೆ ಹೆಂಡತಿ ಬಾಗಿಲಲ್ಲಿ ನಿಂತಿದ್ದಳು. ಅವಳ ಕಣ್ಣಲ್ಲಿ ಬೆಂಕಿಯ ಬೆಳಕಿತ್ತು. ಬಂದು ಕೊಳವೆಯನ್ನು ನನ್ನ ಕೈಯಿಂದ ತೆಗೆದುಕೊಂಡು ಒಲೆಗೇ ಹಾಕಿದಳು. ಅದು ಕಬ್ಬಿಣದ್ದು, ಸುಡಲಿಲ್ಲ. ಆದರೆ ಅದನ್ನು ಅವಳು ಮತ್ತೆಂದೂ ಬಾಯಿಗಿಡಲಿಲ್ಲ.

ಮೊದಲ ವರ್ಷ ಜನ ನನ್ನನ್ನು ನೋಡಲು ಬರುತ್ತಿದ್ದರು, ಕೊನೆಯ ಸಲ ನೋಡುವವರ ಹಾಗೆ. ಬ್ರೆಡ್ಡು, ಮೂಸಂಬಿ ತಂದು ನಡುಮನೆಯಲ್ಲಿ ತಲೆ ತಗ್ಗಿಸಿ ಕೂರುತ್ತಿದ್ದರು. ಎರಡನೆಯ ವರ್ಷ ಬರುವುದನ್ನು ನಿಲ್ಲಿಸಿದರು. ಬೀದಿಯಲ್ಲಿ ಕಂಡರೆ ಅವರ ಮುಖದಲ್ಲಿ ಒಂದು ಗಲಿಬಿಲಿ. ಇವನು ಇನ್ನೂ ಇದ್ದಾನಾ, ಎಂದು ಬಾಯಿಬಿಟ್ಟು ಅನ್ನುತ್ತಿರಲಿಲ್ಲ. ಬಸ್ಸಿನ ಮಾಲೀಕರು ಕರುಣೆಯಿಂದ ಬಸ್‌ಸ್ಟ್ಯಾಂಡಿನ ಏಜೆಂಟರ ಕೋಣೆಯಲ್ಲಿ ಟ್ರಿಪ್ ಶೀಟು ಬರೆಯುವ ಕೆಲಸ ಕೊಟ್ಟರು. ಕಿಟಕಿಯ ಹಿಂದೆ ಕೂತು ಬರೆಯುತ್ತಿದ್ದೆ. ಹೊರಗೆ ನನ್ನ ಜಾಗಕ್ಕೆ ಬಂದವನು ಊರುಗಳ ಹೆಸರು ಕೂಗುತ್ತಿದ್ದ. ಅವನು ಕೂಗಿದಾಗಲೆಲ್ಲ ನನ್ನ ತುಟಿ ತಾನಾಗಿ ಆಡುತ್ತಿತ್ತು.

ಎರಡನೆಯ ವರ್ಷದ ಕೊನೆಗೆ ತೋರಿಸಲು ಹೋದಾಗ ಆಸ್ಪತ್ರೆಯ ವಯಸ್ಸಾದ ನರ್ಸೊಬ್ಬರು ನನ್ನ ಸ್ಲೇಟು ನೋಡಿ ಕೇಳಿದರು. "ಇನ್ನೂ ಬರೆದೇ ತೋರಿಸ್ತೀರಾ? ನಿಮ್ಮ ಕಡೆಯವರೇ ಒಬ್ಬರು ಮಾತಾಡ್ತಾರಲ್ಲ. ಶಿರಾದವರು. ದರ್ಜಿ." ನಂಬದೆ ನಿಂತಿದ್ದವನ ಕೈಗೆ ವಿಳಾಸ ಬರೆದ ಚೂರು ಕಾಗದ ಇಟ್ಟರು.

ಮುಂದಿನ ಶುಕ್ರವಾರ ಶಿರಾಕ್ಕೆ ಹೋದೆ. ಬಸ್‌ಸ್ಟ್ಯಾಂಡಿನ ಹಿಂದಿನ ಗಲ್ಲಿಯಲ್ಲಿ ಮುಂದೆ ಅಂಗಡಿ, ಹಿಂದೆ ಮನೆ. ನಡುವೆ ಹಸಿರು ಪರದೆ. ನಮಾಜಿನ ಹೊತ್ತಾದ್ದರಿಂದ ಅಂಗಡಿಯಲ್ಲಿ ಯಾರೂ ಇರಲಿಲ್ಲ. ಹೊಲಿಗೆ ಮೆಷಿನ್ನಿನ ಮೇಲೆ ಅರ್ಧ ಹೊಲಿದ ಜುಬ್ಬಾ. ನಾನು ಪಂಚು ಒತ್ತಿದೆ. ನನ್ನ ಬೆನ್ನ ಹಿಂದೆಯೇ ಒಂದು ದನಿ ಬಂತು.

"ಹಾಂ. ಯಾರು. ಬೇಕಿತ್ತು."

ಆಳದ ಬಾವಿಯಲ್ಲಿ ಕೊಡ ಮುಳುಗುವಾಗ ಬರುತ್ತದಲ್ಲ, ಗುಳುಗುಳು ಎಂಬ ಸದ್ದು, ಅದಕ್ಕೆ ಯಾರೋ ಅಕ್ಷರ ಜೋಡಿಸಿದ ಹಾಗಿತ್ತು. ಮನುಷ್ಯರದು ಅನ್ನಿಸಲಿಲ್ಲ. ತಿರುಗಿದೆ. ಬಿಳಿ ಗಡ್ಡದ ಸಣ್ಣ ಆಳು, ಕತ್ತಿಗೆ ಮಲ್ಲಿನ ಬಟ್ಟೆಯ ಚೌಕ ಕಟ್ಟಿಕೊಂಡವರು, ಮಸೀದಿಯಿಂದ ಬಂದು ನಿಂತಿದ್ದರು. ನನ್ನ ಕತ್ತು ನೋಡಿದರು. ತಮ್ಮ ಬಟ್ಟೆಯನ್ನು ಮೇಲಕ್ಕೆತ್ತಿ ತೋರಿಸಿದರು. ನನ್ನದಲ್ಲದ ಇನ್ನೊಂದು ತೂತನ್ನು ನಾನು ನೋಡಿದ್ದು ಅದೇ ಮೊದಲು. ಅದು ಉಸಿರಾಡುತ್ತಿತ್ತು.

"ಹನ್ನೊಂದು ವರ್ಷ. ಆಯ್ತು ಭಾಯಿ," ಅಂದರು. "ಬದುಕಿದೀನಿ. ಕೂತ್ಕೊ."

ನಾನು ಅಲ್ಲೇ ನೆಲದ ಮೇಲೆ ಕೂತುಬಿಟ್ಟೆ.

ಅವರು ಕಲಿಸಿದ ರೀತಿ ಹೀಗಿತ್ತು. ಗೋಲಿ ಸೋಡಾ ತರಿಸಿ ಕುಡಿಸುವರು. ತೇಗು ಬರುವ ಗಳಿಗೆಯಲ್ಲಿ ಬಾಯಿಂದ ಅಕ್ಷರ ಹೊರಡಿಸಬೇಕು. ಪ, ತ, ಕ, ಇಷ್ಟೇ ಮೊದಲು. ಆಮೇಲೆ ಸೋಡಾ ಇಲ್ಲದೆ ಗಾಳಿಯನ್ನೇ ನುಂಗಿ, ಹೊಟ್ಟೆಗೆ ಇಳಿಯುವ ಮುಂಚೆ ವಾಪಸು ತರಬೇಕು. "ಹವಾ ನುಂಗು. ಬಿಡು. ಸಬರ್ ಬೇಕು. ಅವಸರ ಬಿಲ್ಕುಲ್. ಬೇಡ." ಒಂದು ಗುಟುಕು ಗಾಳಿಗೆ ಎರಡು ಮೂರು ಮಾತು ಮಾತ್ರ ಸಿಗುತ್ತಿದ್ದವು. ಅದಕ್ಕೇ ಪ್ರತಿ ಮಾತಿಗೂ ಮುಂಚೆ ಅವರು 'ಹಾಂ' ಅನ್ನುತ್ತಿದ್ದರು, ಗಾಳಿ ಬಂದಿದೆಯೋ ಇಲ್ಲವೋ ನೋಡಿಕೊಳ್ಳಲು. ನಾನೂ ಹಾಂ ಅನ್ನುವುದನ್ನು ಕಲಿತೆ. ಪರದೆಯ ಹಿಂದೆ ಅವರ ಹೆಂಡತಿ ಗುಂಡಿ ಹಚ್ಚುತ್ತ ಕೂತಿರುತ್ತಿದ್ದರು. ನಾನು ತಪ್ಪಿದಾಗ ಅವರು ಮೆಲ್ಲಗೆ ನಗುವುದು ಕೇಳುತ್ತಿತ್ತು. ಅವರನ್ನು ನಾನು ಭಾಭಿ ಎನ್ನುತ್ತಿದ್ದೆ. ಮುಖ ನೋಡಿರಲಿಲ್ಲ.

ಮಾತಷ್ಟೇ ಅಲ್ಲ. ಕತ್ತಿನ ಬಟ್ಟೆಯನ್ನು ಸದಾ ಒದ್ದೆ ಮಾಡಿಕೊಂಡಿರು, ಧೂಳು ನಿಲ್ಲುತ್ತದೆ. ಕೆರೆಗೆ ಇಳಿಯಬೇಡ, ಎದೆಮಟ್ಟದ ನೀರಿನಲ್ಲೂ ಮುಳುಗಿ ಸಾಯುತ್ತೀಯ. ಮೆಣಸಿನಕಾಯಿ ಹುರಿಯುವಾಗ ಮನೆಯಲ್ಲಿರಬೇಡ. ಎಲ್ಲಾದರೂ ಬಿದ್ದರೆ ಜನ ಮೂಗಿನ ಹತ್ತಿರ ಕೈ ಹಿಡಿದು ನೋಡಿ ಸತ್ತ ಅಂದುಬಿಡುತ್ತಾರೆ, ಉಸಿರು ಕತ್ತಿನಲ್ಲಿದೆ ಎಂದು ಚೀಟಿ ಬರೆದು ಜೇಬಿನಲ್ಲಿಟ್ಟುಕೊ. ಇದನ್ನೆಲ್ಲ ಅವರು ಪೆಟ್ಟು ತಿಂದು ಕಲಿತಿದ್ದರು. ನನಗೆ ಕತ್ತಿನ ಬಟ್ಟೆ ಒಂದು ಡಜನ್ ಹೊಲಿದುಕೊಟ್ಟರು.

ಮಧುಗಿರಿಯಲ್ಲಿ ಅಭ್ಯಾಸಕ್ಕೆಂದು ಮಧ್ಯಾಹ್ನ ಬೆಟ್ಟದ ಬುಡಕ್ಕೆ ಹೋಗುತ್ತಿದ್ದೆ. ಅಲ್ಲಿ ಒಂದು ಜಾಗವಿದೆ, ನಿಂತು ಕೂಗಿದರೆ ಬಂಡೆ ಮಾರುತ್ತರ ಕೊಡುತ್ತದೆ. ಬಿಸಿಲಿಗೆ ಯಾರೂ ಬರುತ್ತಿರಲಿಲ್ಲ. ಮೂರು ತಿಂಗಳು ಬರೀ ತೇಗು. ಒಂದು ದಿನ ಗಾಳಿ ಸರಿಯಾಗಿ ಸಿಕ್ಕಿತು, 'ಅಪ್ಪಾ' ಎಂದೆ. ಬಾಯಿಂದ ಹೊರಟದ್ದು ನನಗೆ ಅಷ್ಟಾಗಿ ಕೇಳಲಿಲ್ಲ. ಒಂದು ಗಳಿಗೆ ಬಿಟ್ಟು ಮೇಲೆ ಬಂಡೆಯಿಂದ ಬಂತು. ಅಪ್ಪಾ. ಶಿರಾದ ದರ್ಜಿಯ ದನಿ. ಅವರು ಬಂಡೆಯ ಮೇಲೆ ಎಲ್ಲೋ ಕೂತು ಕರೆದ ಹಾಗೆ. ನಾನು ತಲೆ ಎತ್ತಿ ನೋಡಿದೆ. ಬರೀ ಕಲ್ಲು, ಬಿಸಿಲು, ಒಂದು ಹದ್ದು.  ಎರಡನೆಯ ಸಲ ಕೂಗಲು ಧೈರ್ಯ ಬರಲಿಲ್ಲ.

ಆವತ್ತೇ ಮನೆಗೆ ಬಂದು ಹೆಂಡತಿಯ ಹಿಂದೆ ನಿಂತು ಅವಳ ಹೆಸರು ಹಿಡಿದು ಕರೆದೆ. ಸಂತೋಷಪಡುತ್ತಾಳೆ ಅಂದುಕೊಂಡಿದ್ದೆ. ಅವಳು ತಿರುಗಲಿಲ್ಲ. ಕೈಯಲ್ಲಿದ್ದ ಮೊರ ಹಾಗೇ ನಿಂತಿತು.

"ಯಾರದು?" ಅಂದಳು ಗೋಡೆಯ ಕಡೆಗೆ.

"ಹಾಂ. ನಾನೇ."

"ನಾನೇ ಅಂದ್ರೆ ಯಾರು? ನಮ್ಮನೆಯವ್ರು ಎಲ್ಲಿಗೆ ಹೋದ್ರು?"

ಮುಂದೆ ಬಂದು ನಿಂತೆ. ಅವಳು ನನ್ನ ಬಾಯನ್ನೇ ನೋಡಿದಳು. ಕೊನೆಗೆ ಅಂದಳು, "ಮಕ ನೋಡ್ಕಂಡು ಕೇಳುದ್ರೆ ನೀವೇ. ಕಣ್ಮುಚ್ಚುದ್ರೆ ಇನ್ಯಾರೋ ಮನೆ ಒಳಕ್ಕೆ ಬಂದಂಗೈತೆ. ವಸಿ ದಿನ ಬಾಯಿ ಬುಡಬ್ಯಾಡಿ. ಪಂಚೇ ಹೊಡೀರಿ."

ಹಾಗೆಯೇ ಮಾಡಿದೆ. ಬೀದಿಯಲ್ಲಿ ಮಾತು, ಮನೆಯಲ್ಲಿ ಪಂಚು. ಒಂದು ವರ್ಷ ಹಿಡಿಯಿತು ಅವಳಿಗೆ. ಕತ್ತಲಲ್ಲಿ ನಾನು ಮಾತಾಡಿದರೆ ಕೈ ಚಾಚಿ ನನ್ನ ಮುಖ ಮುಟ್ಟಿ ನೋಡುತ್ತಿದ್ದಳು. ಆ ಅಭ್ಯಾಸ ಆಮೇಲೂ ಹೋಗಲಿಲ್ಲ.

ಪಾವಗಡದ ಕಡೆ ಸುದ್ದಿ ಬೇರೆ ರೀತಿ ಹಬ್ಬಿತು. ಸತ್ತು ಬದುಕಿದವನು, ಅವನ ಹೊಟ್ಟೆಯಲ್ಲಿ ಯಾರೋ ಕೂತು ಮಾತಾಡುತ್ತಾರೆ ಎಂದು. ಒಂದು ಸೋಮವಾರ ಬಲಸಮುದ್ರದಿಂದ ಗಂಡ ಹೆಂಡತಿ ಇಬ್ಬರು ಏಜೆಂಟರ ಕೋಣೆಯ ಕಿಟಕಿಗೆ ಬಂದು ನಿಂತರು. ತೀರಿಕೊಂಡ ಮಗಳ ವಿಚಾರ ಕೇಳಬೇಕಿತ್ತಂತೆ.

"ಸ್ವಾಮಿ, ಒಕ್ಕ ಮಾಟ ಚೆಪ್ಪಂಡಿ," ಎಂದು ಆ ತಾಯಿ ಕೈ ಮುಗಿದಳು. ಒಂದು ಮಾತು ಹೇಳಿ, ಅಷ್ಟೇ.

"ಹಾಂ. ಅಮ್ಮ. ಇದು ಗಾಳಿ. ನುಂಗಿದ ಗಾಳಿ," ಅಂದೆ.

ಅವರು ಆ ದನಿ ಕೇಳಿದರು, ಮಾತು ಕೇಳಲಿಲ್ಲ. ಒಬ್ಬರ ಮುಖ ಒಬ್ಬರು ನೋಡಿಕೊಂಡು ಕಣ್ಣಲ್ಲಿ ನೀರು ತಂದುಕೊಂಡರು. ಕಿಟಕಿಯ ಮುಂದೆ ಒಂದು ತೆಂಗಿನಕಾಯಿ, ಎರಡು ನಿಂಬೆಹಣ್ಣು ಇಟ್ಟು ಹಿಮ್ಮೆಟ್ಟುತ್ತಲೇ ನಡೆದು ಹೋದರು. ಆ ಕಾಯಿಯನ್ನು ಯಾರೂ ಮುಟ್ಟಲಿಲ್ಲ. ಒಣಗುವ ತನಕ ಅಲ್ಲೇ ಇತ್ತು.

ದರ್ಜಿಯೂ ನಾನೂ ಆರು ತಿಂಗಳಿಗೊಮ್ಮೆ ಕೂಡಿ ಆಸ್ಪತ್ರೆಗೆ ಹೋಗುವ ರೂಢಿಯಾಯಿತು. ಹೊಸದಾಗಿ ಆಪರೇಷನ್ ಆದವರ ಮಂಚದ ಹತ್ತಿರ ಆ ನರ್ಸು ನಮ್ಮನ್ನು ಕರೆದುಕೊಂಡು ಹೋಗುತ್ತಿದ್ದರು. ಬೇರೇನೂ ಮಾಡುತ್ತಿರಲಿಲ್ಲ, ಪಕ್ಕದಲ್ಲಿ ಕೂತು ನಾವಿಬ್ಬರು ಮಾತಾಡಿಕೊಳ್ಳುತ್ತಿದ್ದೆವು. ಮಲಗಿದ್ದವರು ಮೊದಲು ಹೆದರುತ್ತಿದ್ದರು. ಆಮೇಲೆ ನಮ್ಮ ಕತ್ತು ನೋಡುತ್ತಿದ್ದರು. ಆಮೇಲೆ ನಾವು ಎದ್ದರೆ ಅಂಗಿ ಹಿಡಿದು ಕೂರಿಸುತ್ತಿದ್ದರು. ಬಸ್ಸಿನಲ್ಲಿ ವಾಪಸು ಬರುವಾಗ ಗೊತ್ತಿದ್ದ ಡ್ರೈವರೊಬ್ಬ ಹೇಳಿದ, "ಅಣ್ಣಾ, ಹಿಂದ್ಗಡೆ ನೀವಿಬ್ರು ಮಾತಾಡ್ತಿದ್ರೆ ಒಬ್ನೇ ಮಾತಾಡ್ತಾ ಅವ್ನೆ ಅನ್ನುಸ್ತೈತೆ ಕಣಣ್ಣ."

ದರ್ಜಿ ತೀರಿಕೊಂಡದ್ದು ಎಂಬತ್ತರ ದಶಕದ ಮೊದಲ ವರ್ಷಗಳಲ್ಲಿ, ಒಂದು ಬೆಳಗ್ಗೆ, ಎದೆನೋವಿನಿಂದ. ಕ್ಯಾನ್ಸರು ಅವರನ್ನು ಬಿಟ್ಟು ಎಷ್ಟೋ ವರ್ಷವಾಗಿತ್ತು. ಸುದ್ದಿ ನನಗೆ ತಲುಪಿದ್ದು ಎರಡು ವಾರ ಕಳೆದ ಮೇಲೆ. ಮಾರನೆಯ ದಿನವೇ ಹೊರಟೆ.

ಶಿರಾ ಮುಟ್ಟಿದಾಗ ನಡುಮಧ್ಯಾಹ್ನ. ಗಲ್ಲಿಯಲ್ಲಿ ನೆರಳಿರಲಿಲ್ಲ. ಅಂಗಡಿಯ ಬಾಗಿಲು ಅರ್ಧ ಹಾಕಿತ್ತು. ಒಳಗೆ, ಪರದೆಯ ಆಚೆ, ಹೊಲಿಗೆ ಮೆಷಿನ್ನಿನ ಸದ್ದು. ಅವರಲ್ಲಿ ಗಂಡ ಹೋದ ಮೇಲೆ ಹೆಂಡತಿ ನಾಲ್ಕು ತಿಂಗಳು ಹತ್ತು ದಿನ ಹೊರಗಿನ ಗಂಡಸರ ಮುಂದೆ ಬರುವುದಿಲ್ಲ ಎಂಬುದು ನನಗೆ ಗೊತ್ತಿತ್ತು. ಹೊಸ್ತಿಲಲ್ಲೇ ನಿಂತು ಕರೆದೆ.

"ಹಾಂ. ಯಾರಿದೀರಿ. ಒಳಗೆ."

ಮೆಷಿನ್ ನಿಂತಿತು.  ಸ್ವಲ್ಪ ಹೊತ್ತಿನ ಮೇಲೆ ಏನೋ ಲೋಹದ್ದು ನೆಲಕ್ಕೆ ಬಿದ್ದು ಉರುಳಿಕೊಂಡು ಬಂದು ಪರದೆಯ ಕೆಳಗಿನಿಂದ ನನ್ನ ಕಾಲ ಬಳಿ ನಿಂತಿತು, ದಾರದ ಬಾಬಿನ್. ಆಮೇಲೆ ಮಗಳು ಬಂದಳು. ಮದುವೆಯಾಗಿ ಗೌರಿಬಿದನೂರಿನಲ್ಲಿದ್ದವಳು, ತಾಯಿಯ ಜೊತೆಗಿರಲು ಬಂದಿದ್ದಳು. ಅವಳ ಮುಖದಲ್ಲಿ ರಕ್ತವಿರಲಿಲ್ಲ. ನನ್ನನ್ನು ಕಂಡು ಗೋಡೆ ಹಿಡಿದುಕೊಂಡಳು.

ನನಗೆ ಆಗ ಹೊಳೆಯಿತು ನಾನು ಏನು ಮಾಡಿದೆನೆಂದು. ಪಂಚು ಒತ್ತಬಹುದಿತ್ತು, ಕೈ ತಟ್ಟಬಹುದಿತ್ತು. ತಪ್ಪಾಯಿತೆಂದು ಕೈ ಮುಗಿದು ತಿರುಗುವಷ್ಟರಲ್ಲಿ ಪರದೆಯ ಹಿಂದಿನಿಂದ ಭಾಭಿ ಮಾತಾಡಿದರು.

"ಹೋಗ್ಬೇಡಿ. ಕೂತ್ಕೊಳ್ಳಿ. ಏನಾದ್ರೂ ಮಾತಾಡಿ."

ಏನು ಮಾತಾಡಲಿ? ಮಧುಗಿರಿಯಲ್ಲಿ ಮಳೆ ಆಗಿಲ್ಲ ಎಂದೆ. ಬಸ್ಸು ದಾರಿಯಲ್ಲಿ ಪಂಕ್ಚರ್ ಆಯಿತು ಎಂದೆ. ಎರಡೆರಡು ಮಾತಾಗಿ, ಗಾಳಿ ನುಂಗಿ, ಬಿಟ್ಟು. ಮೆಷಿನ್ ಮತ್ತೆ ನಡೆಯಿತು. ನಾನು ಮಾತು ನಿಲ್ಲಿಸಿದರೆ ಅದೂ ನಿಲ್ಲುತ್ತಿತ್ತು. ಹೊರಡುವಾಗ ಭಾಭಿ, "ಗುರುವಾರ ಬನ್ನಿ," ಅಂದರು.

ಹೋದೆ. ಅದರ ಮುಂದಿನ ಗುರುವಾರವೂ ಹೋದೆ. ಮಗಳು ಅಂಗಡಿಯ ಮೂಲೆಯಲ್ಲಿ ಕೂತಿರುತ್ತಿದ್ದಳು. ನಾನು ದರ್ಜಿ ಕೂರುತ್ತಿದ್ದ ಸ್ಟೂಲಿನ ಎದುರಿನ ಬೆಂಚಿನ ಮೇಲೆ. ಚಹಾ ಅಗಲ ಬಾಯಿಯ ಬಟ್ಟಲಿನಲ್ಲಿ ಬರುತ್ತಿತ್ತು. ನಮ್ಮಂಥವರಿಗೆ ಊದಿ ಆರಿಸಲು ಆಗದೆಂದು ಅವರು ಇಟ್ಟುಕೊಂಡಿದ್ದ ಬಟ್ಟಲು ಅದು. ಮೂರನೆಯ ವಾರದ ಹೊತ್ತಿಗೆ ಪರದೆಯ ಹಿಂದಿನ ಮಾತು ಬದಲಾಯಿತು. "ಆ ದೊಡ್ಡ ಕತ್ತರಿ ಎಲ್ಲಿಟ್ರಿ?" ಎಂದು ಕೇಳಿದರು.  ಸ್ವಲ್ಪ ಹೊತ್ತಿಗೆ, "ಹಾಂ, ಸಿಕ್ತು ಬಿಡಿ," ಎಂದು ತಾವೇ ಅಂದರು.

ಇನ್ನೊಂದು ದಿನ ನನ್ನ ಬಾಯಿಂದಲೇ ಒಂದು ಮಾತು ಬಂತು. "ಹಾಂ. ಕಿಟಕಿ. ಮುಚ್ಚು." ಒಳಗೆ ಕಿಟಕಿಯ ರೆಕ್ಕೆ ಮುಚ್ಚಿದ ಸದ್ದು.  ಮಗಳು ನನ್ನನ್ನು ದಿಟ್ಟಿಸಿ ನೋಡುತ್ತಿದ್ದಳು. ನಾನು ಕೂತ ಜಾಗದಿಂದ ಒಳಗಿನ ಕಿಟಕಿ ಕಾಣುತ್ತಿರಲಿಲ್ಲ. ಅಲ್ಲೊಂದು ಕಿಟಕಿ ಇದೆಯೆಂದೇ ನಾನು ನೋಡಿರಲಿಲ್ಲ. ಧೂಳು ಕತ್ತಿಗೆ ತಗುಲಿರಬೇಕು, ನಮಗೆ ಅದು ಎಲ್ಲರಿಗಿಂತ ಮೊದಲು ತಿಳಿಯುತ್ತದೆ. ಹಾಗೆಂದು ನನಗೆ ನಾನು ಹೇಳಿಕೊಂಡೆ. ಆದರೆ ಭಾಭಿಯನ್ನು ನಾನು ಎಂದೂ 'ನೀನು' ಅಂದವನಲ್ಲ. 'ಮುಚ್ಚು' ಎಂದು ನಾನು ಹೇಗೆ ಅಂದೆ?

ಆವತ್ತು ಮಗಳು ಗಲ್ಲಿಯ ತುದಿಯ ತನಕ ನನ್ನ ಹಿಂದೆ ಬಂದಳು. "ಚಾಚಾ, ಅಮ್ಮಿ ನಿಮ್ಮ ಜೊತೆ ಮಾತಾಡ್ತಿಲ್ಲ," ಅಂದಳು. "ಅಬ್ಬಾ ಜೊತೆ ಮಾತಾಡ್ತಾ ಇದಾರೆ. ನಂಗೆ ಭಯ ಆಗ್ತದೆ. ಆದ್ರೆ ನೀವು ಬರೋ ದಿನ ಮಾತ್ರ ಅವರು ಊಟ ಮಾಡ್ತಾರೆ."

ಮನೆಗೆ ಬಂದು ಹೆಂಡತಿಗೆ ಎಲ್ಲವನ್ನೂ ಹೇಳಿದೆ.  "ಹೋಗ್ಬ್ಯಾಡಿ ಅನ್ನಾಕೆ ನಂಗೆ ಬಾಯಿ ಬರಲ್ಲ," ಅಂದಳು. "ನಿಮ್ ಹಳೇ ದನಿ ಎಲ್ಲಾದ್ರೂ ಸಿಕ್ಕುದ್ರೆ ನಾನೂ ಅಂಗೇ ಕೂತ್ಕಂಡು ಕೇಳ್ತಿದ್ದೆ. ಆದ್ರೆ ಸುಳ್ಳು ಮಾತ್ರ ಹೇಳ್ಬ್ಯಾಡಿ ಆಯಮ್ಮುಂಗೆ."

ಸುಳ್ಳು ಹೇಳಬೇಕಾದ ಗಳಿಗೆ ಮುಂದಿನ ಗುರುವಾರವೇ ಬಂತು. ನಾನು ಚಹಾ ಮುಗಿಸಿದ್ದೆ. ಪರದೆ ಅಲುಗಿತು. ಭಾಭಿ ಅದರ ಹತ್ತಿರಕ್ಕೇ ಬಂದು ಕೂತಿದ್ದರು. ಕೆಳಗೆ ಅವರ ಕಾಲ ಬೆರಳು ಮಾತ್ರ ಕಾಣುತ್ತಿದ್ದವು.

"ಅವತ್ತು ಬೆಳಗ್ಗೆ ಏನೋ ಹೇಳಕ್ಕೆ ಹೋದ್ರಿ," ಅಂದರು. "ತುಟಿ ಆಡ್ತು. ಗಾಳಿ ಬರಲಿಲ್ಲ. ಮೂರು ಸಲ ನೋಡಿದ್ರಿ. ಏನು ಹೇಳಬೇಕಿತ್ತು? ಈಗ ಹೇಳಿ."

ನನ್ನ ಕತ್ತಿನ ಉಸಿರು ನನಗೇ ಜೋರಾಗಿ ಕೇಳುತ್ತಿತ್ತು. ಮಗಳು ಮೂಲೆಯಲ್ಲಿ ಎದ್ದು ನಿಂತಿದ್ದಳು. ಬಾಯಿ ತೆರೆದರೆ ದರ್ಜಿಯ ದನಿ ಬರುತ್ತದೆ. ಅದು ಏನಂದರೂ ಅವರು ಅಂದಂತೆಯೇ. ಒಳ್ಳೆಯ ಮಾತೊಂದು ನಾಲಗೆಯ ತುದಿಗೂ ಬಂದಿತ್ತು. ಯಾರದೋ ಕೈ ಅದನ್ನು ಮುಂದಕ್ಕೆ ನೂಕುತ್ತಿದೆ ಎನ್ನುವಷ್ಟು ಹತ್ತಿರಕ್ಕೆ. ನಾನು ಹಾಂ ಅನ್ನಲಿಲ್ಲ. ಆ ಅಕ್ಷರವನ್ನು ಬೇಕೆಂದೇ ಬಿಟ್ಟು ಗಾಳಿ ನುಂಗಿದೆ.

"ಭಾಭಿ. ನಾನು ಅವರಲ್ಲ. ಮಧುಗಿರಿ. ಕಂಡಕ್ಟರು. ಅವರ ಮನಸ್ಸಲ್ಲಿ. ಏನಿತ್ತೋ. ನಂಗೊತ್ತಿಲ್ಲ."

ಪರದೆ ಅಲುಗಲಿಲ್ಲ.

"ಒಂದು ಗೊತ್ತು," ಅಂದೆ. "ಗಾಳಿ ಬರದಾಗ. ನಾವು ಮೊದಲು. ಕೇಳೋದು ನೀರು. ಗಂಟಲು ಒಣಗಿದ್ರೆ. ದನಿ ಹುಟ್ಟಲ್ಲ. ನನಗೂ ಹಾಗೇ. ಅವರೇ ಕಲಿಸಿದ್ದು. ನೀರು ಕೇಳಿರಬೇಕು."

 ಗಲ್ಲಿಯಲ್ಲಿ ಯಾರೋ ಸೈಕಲ್ ಬೆಲ್ ಹೊಡೆದುಕೊಂಡು ಹೋದರು. ಆಮೇಲೆ ಭಾಭಿ, ಮೊದಲ ಸಲ ಬೇರೆ ಯಾರೊಂದಿಗೋ ಮಾತಾಡುವ ದನಿಯಲ್ಲಿ, ಅಂದರು:

"ನೀರು ಕೊಟ್ಟೆ. ಎರಡು ಚಮಚ ಕುಡಿದ್ರು."

"ಹಾಗಾದ್ರೆ. ಸಿಕ್ಕಿತು ಅವರಿಗೆ."

ಭಾಭಿ ಆಗ ಅತ್ತರು. ಗಂಡ ಹೋದ ದಿನವೇ ಅಳಬೇಕಾದ್ದನ್ನು ಅಷ್ಟು ದಿನ ಇಟ್ಟುಕೊಂಡಿದ್ದವರು. ಮಗಳು ಒಳಗೆ ಓಡಿದಳು. ನಾನು ಎದ್ದು ಹೊರಗೆ ಬಂದು ಬಿಸಿಲಿನಲ್ಲಿ ನಿಂತೆ. 

ಆ ನಾಲ್ಕು ತಿಂಗಳು ಹತ್ತು ದಿನ ಮುಗಿದ ಮೇಲೆ ಹೋದಾಗ ಪರದೆಯನ್ನು ಪಕ್ಕಕ್ಕೆ ಸರಿಸಿ ಕಟ್ಟಿದ್ದರು. ಭಾಭಿ ಗಂಡನ ಮೆಷಿನ್ನಿನ ಮುಂದೆ ಕೂತಿದ್ದರು. ಸೆರಗು ತಲೆಯ ಮೇಲೆ, ಕನ್ನಡಕ ಮೂಗಿನ ತುದಿಗೆ. ನನ್ನ ಮುಖವನ್ನೇ ನೋಡುತ್ತ, "ಬನ್ನಿ ಭಾಯಿ," ಅಂದರು. ನಾನು ಮಾತಾಡುವಾಗಲೆಲ್ಲ ಅವರು ಕೆಲಸ ಬಿಟ್ಟು ನನ್ನ ಮುಖ ನೋಡುತ್ತಿದ್ದರು, ನನ್ನ ಹೆಂಡತಿಯ ಹಾಗೆಯೇ. ಕಣ್ಣು ಮುಚ್ಚಿದರೆ ಏನಾಗುತ್ತದೆಂದು ಇಬ್ಬರಿಗೂ ಗೊತ್ತಿತ್ತು. ಆಮೇಲೆ ಭಾಭಿ ಮತ್ತು ಮಗಳು ಕತ್ತಿನ ಬಟ್ಟೆಗಳನ್ನು ಹೊಲಿದು ನನ್ನ ಕೈಯಲ್ಲಿ ಆಸ್ಪತ್ರೆಗೆ ಕಳಿಸತೊಡಗಿದರು. ಹೊಸಬರ ಮಂಚದ ಪಕ್ಕ ನಾನು ಒಬ್ಬನೇ ಕೂರುತ್ತಿದ್ದೆ. ಕೊರಟಗೆರೆಯ ಕಡೆಯ ಗೃಹಿಣಿಯೊಬ್ಬಳು, ಪಾವಗಡದ ಒಬ್ಬ ಮೇಷ್ಟರು ನನ್ನಲ್ಲಿ ಕಲಿತರು. ಮೇಷ್ಟರಿಗೆ ಮಾತು ಪೂರ್ತಿ ಬರಲಿಲ್ಲ. ಆದರೂ ಶಿರಾಕ್ಕೆ ಬಂದು ಸುಮ್ಮನೆ ಕೂತು ಹೋಗುತ್ತಿದ್ದರು. ಮುಚ್ಚಿಕೊಳ್ಳದೆ ಕೂರಬಹುದಾದ ಜಾಗ ಅದೊಂದೇ ಎಂದು ಬರೆದು ತೋರಿಸಿದ್ದರು.

ಎಂಬತ್ತರ ದಶಕ ಮುಗಿಯುತ್ತ ಬಂದಾಗ ಒಂದು ಸಲ ಕತ್ತು ತೋರಿಸಲು ಆಸ್ಪತ್ರೆಗೆ ಹೋದೆ. ತೋರಿಸುವುದನ್ನು ಬಿಟ್ಟು ಕೆಲವು ವರ್ಷವಾಗಿತ್ತು. ನರ್ಸು ನಿವೃತ್ತರಾಗಿದ್ದರು, ಸರ್ಜನ್ನರೂ ಇರಲಿಲ್ಲ. ನನ್ನ ಫೈಲು ಎಲ್ಲೂ ಸಿಗಲಿಲ್ಲ. ಗುಮಾಸ್ತ ಒಳಗಿನ ಕತ್ತಲ ಕೋಣೆಗೆ ಹೋಗಿ, ಕೆಂಪು ಟೇಪಿನಲ್ಲಿ ಕಟ್ಟಿದ ಒಂದು ಕಟ್ಟು ತಂದು ಧೂಳು ಕೊಡವಿದ. ನಾನು ಕತ್ತಿನ ಬಟ್ಟೆ ಒತ್ತಿ ಹಿಡಿದೆ.

"ಇದು ತೀರಿಕೊಂಡವರ ಕಟ್ಟು," ಎಂದು ಅವನು ಹಾಳೆ ತಿರುವುತ್ತ ಹೇಳಿದ. "ಇದರಲ್ಲಿದೆ ನೀವು ಹೇಳಿದ ನಂಬರು. ಇಷ್ಟು ವರ್ಷ ಆದ್ಮೇಲೆ ಯಾರೂ ಬರಲ್ಲ ಅಂತ ಇದರೊಳಗೆ ಸೇರಿಸಿರಬೇಕು. ನಿಮಗೆ ಏನಾಗಬೇಕು ಇವರು?"

"ನಾನೇ," ಅಂದೆ.

ಅವನು ನನ್ನನ್ನು ನೋಡಲಿಲ್ಲ. ನನ್ನ ಹಿಂದೆ ಯಾರು ನಿಂತಿದ್ದಾರೆಂದು ಬಗ್ಗಿ ನೋಡಿದ.

ಫೈಲು ಹಿಡಿದು ಒಳಗೆ ಹೋದೆ. ಹೊಸ ಡಾಕ್ಟರು, ವಯಸ್ಸು ಮೂವತ್ತರ ಆಸುಪಾಸಿನ ಹೆಣ್ಣುಮಗಳು, ಕತ್ತು ಪರೀಕ್ಷೆ ಮಾಡಿ, "ಕಾಯಿಲೆ ಇಲ್ಲ," ಎಂದು ಬರೆದರು. ಅಲ್ಲಿಗೆ ಮುಗಿಯಬೇಕಿತ್ತು, ಪ್ರತಿ ಸಲ ಅಲ್ಲಿಗೇ ಮುಗಿಯುತ್ತಿತ್ತು. ಆದರೆ ಅವರು ಫೈಲು ಮುಚ್ಚಲಿಲ್ಲ. "ಮನೇಲಿ ಯಾರಿದ್ದಾರೆ? ಹೇಗೆ ಊಟ ಮಾಡ್ತೀರಿ? ಹೇಗೆ ನಿದ್ದೆ ಬರುತ್ತೆ? ಜನ ಏನಂತಾರೆ?" ಎಂದು ಕೇಳಿದರು.

ಅಷ್ಟು ವರ್ಷಗಳಲ್ಲಿ ಆಸ್ಪತ್ರೆಯಲ್ಲಿ ಯಾರೂ ಕೇಳದ ಪ್ರಶ್ನೆ. ಎಲ್ಲಿಂದ ಶುರುಮಾಡಲಿ ಎಂದು ತಿಳಿಯದೆ ಒಂದು ಲೋಟ ನೀರು ಕೇಳಿದೆ. ಅವರೇ ಎದ್ದು ತಂದುಕೊಟ್ಟರು. ಆಮೇಲೆ ಗಾಳಿ ನುಂಗಿ, ಎರಡೆರಡು ಮಾತಾಗಿ, ಒಲೆಯ ಹೊಗೆಯಿಂದ ಹಿಡಿದು ಹೇಳಲು ತೊಡಗಿದೆ. ಬಾಗಿಲ ಹೊರಗೆ ಸರದಿಯಲ್ಲಿ ಕೂತಿದ್ದವರ ಗದ್ದಲ ಸ್ವಲ್ಪ ಸ್ವಲ್ಪವಾಗಿ ಇಳಿಯಿತು. ನನ್ನ ದನಿ ಕೇಳಿಸುವಷ್ಟು ದೂರಕ್ಕೂ ಯಾರೂ ಮಾತಾಡುತ್ತಿರಲಿಲ್ಲ. ಡಾಕ್ಟರು ಬರೆದುಕೊಳ್ಳುತ್ತಲೇ ಇದ್ದರು.